ಜಾವಗಲ್‌ನ ಟ್ರಂಕಿನಲ್ಲಿ ಸಿಕ್ಕಿದ್ದು ‘ಹಿಟ್ಲರನ ಬ್ಯಾಡ್ಜ್’ ಅಲ್ಲ; ಹಾಗಾದರೆ ಅದು ಯಾರದ್ದು?

ವಾಟ್ಸಾಪ್‌ನಲ್ಲಿ ಒಂದು ಫೋಟೊ ಓಡಾಡುತ್ತಿದೆ. ಅಂಗೈ ಮೇಲೆ ಇಟ್ಟ ಬೆರಳುದ್ದದ ಪಟ್ಟಿ, ಅದರ ಮೇಲೆ ಸಾಲಾಗಿ ಮೂರು ಬಣ್ಣದ ರಿಬ್ಬನ್ ತುಂಡುಗಳು. ಕೆಳಗೆ ಬರಹ: “ಹಾಸನ ಜಿಲ್ಲೆ ಜಾವಗಲ್‌ನ ಹಳೇ ಮನೆಯಲ್ಲಿ ಹಿಟ್ಲರನ ಬ್ಯಾಡ್ಜ್ ಪತ್ತೆ! ಜರ್ಮನಿ ಸರ್ಕಾರ ಕೋಟಿಗಟ್ಟಲೆ ಕೊಡಲು ರೆಡಿ. ಎಲ್ಲ ಗ್ರೂಪಿಗೂ ಕಳಿಸಿ.”

ನಮಗೆ ಇದನ್ನು ಕಳಿಸಿದ ಓದುಗರಲ್ಲಿ ಒಬ್ಬರು ಆ ಊರಿನವರೇ. ಹಳೇಬೀಡಿನಿಂದ ಬಾಣಾವರದ ಕಡೆ ಹೋಗುವ ದಾರಿಯಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಊರು ಜಾವಗಲ್. ಓದುಗರ ಮೂಲಕ ಆ ಮನೆಯವರ ಜೊತೆ ಮಾತಾಡಿದೆವು. ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿದೆ. ಅದರೊಳಗೆ ಈ ಪಟ್ಟಿ. ಮನೆಯ ಹುಡುಗ ಫೋಟೊ ತೆಗೆದು “ಇದೇನಿರಬಹುದು?” ಎಂದು ಒಂದು ಗ್ರೂಪಿನಲ್ಲಿ ಕೇಳಿದ್ದಾನೆ, ಅಷ್ಟೇ. ಹಿಟ್ಲರ್, ಜರ್ಮನಿ ಸರ್ಕಾರ, ಕೋಟಿ ಎಲ್ಲ ದಾರಿಯಲ್ಲಿ ಸೇರಿಕೊಂಡಿದ್ದು. ಮೂರೇ ದಿನದಲ್ಲಿ ‘ಮ್ಯೂಸಿಯಂ ಏಜೆಂಟ್’ ಎಂದು ಹೇಳಿಕೊಂಡ ಒಬ್ಬ ಫೋನ್ ಮಾಡಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದಿದ್ದಾನೆ. ಮನೆಯವರು ಕಟ್ಟುವವರಿದ್ದರು.

ಮನೆಯಲ್ಲಿ ಇನ್ನೊಂದು ಕಥೆಯೂ ಇದೆ. ಹುಡುಗನ ಮುತ್ತಜ್ಜ ಮೈಸೂರು ಮಹಾರಾಜರ ಕುದುರೆ ಸೈನ್ಯದಲ್ಲಿದ್ದರು, ಹೈಫಾ ಯುದ್ಧದಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಎದೆಯಿಂದ ಇದನ್ನು ಕಿತ್ತುಕೊಂಡು ಬಂದರು ಎಂದು ಅಜ್ಜಿ ಹೇಳುತ್ತಾರೆ. ಫಾರ್ವರ್ಡ್‌ಗಿಂತ ಈ ಕಥೆ ನಮಗೆ ಹೆಚ್ಚು ಮುಖ್ಯ ಅನ್ನಿಸಿತು. ಏಕೆಂದರೆ ಇದು ನಡೆದಿರಲು ಸಾಧ್ಯವಿರುವ ಕಥೆ.

ಮೊದಲು ಈ ಪಟ್ಟಿ ಎಂದರೇನು

ಸೈನಿಕರು ದಿನವೂ ಎಲ್ಲ ಪದಕಗಳನ್ನು ಎದೆಗೆ ತೂಗುಹಾಕಿಕೊಂಡು ಓಡಾಡುವುದಿಲ್ಲ. ಪ್ರತಿ ಪದಕಕ್ಕೂ ತನ್ನದೇ ಬಣ್ಣದ ರಿಬ್ಬನ್ ಇರುತ್ತದೆ. ಆ ರಿಬ್ಬನ್‌ನ ಚಿಕ್ಕ ತುಂಡುಗಳನ್ನು ಲೋಹದ ಪಟ್ಟಿಗೆ ಸುತ್ತಿ, ಹಿಂದೆ ಪಿನ್ ಹಾಕಿ, ಅಂಗಿಯ ಮೇಲೆ ಧರಿಸುತ್ತಾರೆ. ನಮ್ಮ ಸೇನೆ, ಪೊಲೀಸ್ ಅಧಿಕಾರಿಗಳ ಜೇಬಿನ ಮೇಲೆ ನೀವು ನೋಡಿರುತ್ತೀರಿ. ಇದಕ್ಕೆ ರಿಬ್ಬನ್ ಬಾರ್ ಎನ್ನುತ್ತಾರೆ.

ಇದರ ಮೇಲೆ ಹೆಸರು ಇರುವುದಿಲ್ಲ. ಜರ್ಮನಿಯಲ್ಲಂತೂ ಇದನ್ನು ಸರ್ಕಾರ ಹಂಚುತ್ತಿರಲಿಲ್ಲ. ಸೈನಿಕರು ಅಂಗಡಿಯಲ್ಲಿ ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಿದ್ದರು. ಹಾಗಾಗಿ ಒಡೆಯ ಯಾರು ಎಂದು ಹುಡುಕುವವರಿಗೆ ಇರುವುದು ಮೂರು ಸುಳಿವು: ಯಾವ ರಿಬ್ಬನ್‌ಗಳಿವೆ, ಯಾವ ಕ್ರಮದಲ್ಲಿವೆ, ಅವುಗಳ ಮೇಲೆ ಏನಾದರೂ ಚಿಕ್ಕ ಚಿಹ್ನೆ ಕೂರಿಸಿದ್ದಾರೆಯೇ.

ಜಾವಗಲ್‌ನ ಪಟ್ಟಿಯನ್ನು ನಾವು ಹಗಲು ಬೆಳಕಿನಲ್ಲಿ, ಮುಂದೆ ಹಿಂದೆ ಎರಡೂ ಕಡೆ ಫೋಟೊ ತೆಗೆಸಿ ತರಿಸಿಕೊಂಡೆವು. ಮೊದಲನೆಯದು ಕಪ್ಪು ರಿಬ್ಬನ್, ಎರಡೂ ಅಂಚಿನ ಹತ್ತಿರ ಬಿಳಿ ಪಟ್ಟೆ. ಇದು 1914ರ ಐರನ್ ಕ್ರಾಸ್, ಎರಡನೇ ದರ್ಜೆ. ಎರಡನೆಯದು ಹೆಚ್ಚುಕಡಿಮೆ ಅದೇ ಥರ, ಆದರೆ ನಡುವೆ ಒಂದು ಕೆಂಪು ಗೆರೆ, ಮೇಲೆ ಅಡ್ಡವಾಗಿ ಎರಡು ಪುಟ್ಟ ಕತ್ತಿ. ಮೂರನೆಯದು ಕೆಂಪು, ಅಂಚುಗಳ ಹತ್ತಿರ ಬಿಳಿ ಪಟ್ಟೆ. ಇದು ಜರ್ಮನಿಯದ್ದೇ ಅಲ್ಲ. 1915ರಲ್ಲಿ ಟರ್ಕಿಯ ಆಟೊಮನ್ ಸುಲ್ತಾನ ಸ್ಥಾಪಿಸಿದ ಯುದ್ಧ ಪದಕದ ರಿಬ್ಬನ್. ಮೊದಲ ಮಹಾಯುದ್ಧದಲ್ಲಿ ಜರ್ಮನಿ, ಟರ್ಕಿ ಒಂದೇ ಪಕ್ಷ. ಟರ್ಕಿಯ ಸೇನೆಯ ಜೊತೆ ಕೆಲಸ ಮಾಡಿದ ಜರ್ಮನರಿಗೂ ಈ ಪದಕ ಸಿಗುತ್ತಿತ್ತು. ಪರದೇಶದ ಪದಕದ ರಿಬ್ಬನ್ ಕೊನೆಯಲ್ಲಿ ಬರಬೇಕು ಎನ್ನುವುದು ಜರ್ಮನರ ನಿಯಮ, ಇಲ್ಲೂ ಹಾಗೆಯೇ ಇದೆ.

ಇಲ್ಲಿಗೆ ಹಿಟ್ಲರನ ಮಾತು ಮುಗಿಯಿತು. ಮೊದಲ ಮಹಾಯುದ್ಧದಲ್ಲಿ ಹಿಟ್ಲರ್ ಬವೇರಿಯಾದ ಒಂದು ಕಾಲಾಳು ರೆಜಿಮೆಂಟಿನಲ್ಲಿ ಸುದ್ದಿ ಸಾಗಿಸುವ ಸೈನಿಕನಾಗಿದ್ದ, ಹೋರಾಡಿದ್ದು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ. ಟರ್ಕಿಯ ಕಡೆ ಅವನು ಹೋಗಲೇ ಇಲ್ಲ, ಆ ಪದಕ ಅವನಿಗೆ ಸಿಕ್ಕಿಯೂ ಇಲ್ಲ.

ಹೈಫಾ ಕಥೆಗೆ ಇದು ಬಲ ಕೊಡುವಂತೆ ಕಾಣುತ್ತದೆ, ಅಲ್ಲವೇ? ನಮಗೂ ಹಾಗೇ ಅನ್ನಿಸಿ ಖುಷಿಯಾಗಿತ್ತು.

ಹೈಫಾದಲ್ಲಿ ನಡೆದಿದ್ದು

ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟ್‌ಗೆ ಹೊರಟ ಪಡೆ. ಹೈದರಾಬಾದ್, ಜೋಧಪುರ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್‌ನಲ್ಲಿ ಇತ್ತು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲ್‌ನಲ್ಲಿರುವ ಹೈಫಾ ಬಂದರನ್ನು ಗೆದ್ದಿದ್ದು ಈ ಬ್ರಿಗೇಡ್. ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಬಾಯಿ ಮುಚ್ಚಿಸಿತು. ಜೋಧಪುರದವರು ಊರಿನ ಕಡೆ ಕುದುರೆ ಓಡಿಸಿದರು, ಮೈಸೂರಿನವರೂ ಹಿಂದೆಯೇ ನುಗ್ಗಿದರು. ಭರ್ಜಿ, ಕತ್ತಿ ಹಿಡಿದವರು ಒಂದು ಕಡೆ, ಮೆಷಿನ್ ಗನ್ ಇನ್ನೊಂದು ಕಡೆ. ಸೆರೆ ಸಿಕ್ಕವರು 1,300ಕ್ಕೂ ಹೆಚ್ಚು, ಅವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿಯ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನ ಸವಾರನದು; 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. (ಇದು ‘ಜಗತ್ತಿನ ಕಟ್ಟಕಡೆಯ ಕುದುರೆ ದಾಳಿ’ ಎಂಬ ಫಾರ್ವರ್ಡ್ ಕೂಡ ಇದೆ. ತಪ್ಪು. 1942ರಲ್ಲೂ ರಷ್ಯಾದಲ್ಲಿ ಇಟಲಿಯ ಕುದುರೆ ಪಡೆ ಹೀಗೇ ದಾಳಿ ಮಾಡಿತ್ತು.)

ಅಂದರೆ ಮೈಸೂರಿನ ಸವಾರನೊಬ್ಬನ ಕೈಗೆ, ಟರ್ಕಿಯ ಪದಕ ಪಡೆದ ಜರ್ಮನ್ ಅಧಿಕಾರಿಯ ರಿಬ್ಬನ್ ಬಾರ್ ಸಿಗುವುದು ಅಸಾಧ್ಯವೇನಲ್ಲ. ಹೈಫಾದ ಜರ್ಮನರು ಅಂಥ ಪದಕ ಧರಿಸಿರಬಹುದಾದವರೇ.

ತೊಂದರೆ ಇರುವುದು ನಡುವಿನ ರಿಬ್ಬನ್‌ನಲ್ಲಿ.

ಕೆಂಪು ಗೆರೆಯ ಆ ರಿಬ್ಬನ್ ‘ಮಹಾಯುದ್ಧದ ಗೌರವ ಶಿಲುಬೆ’ ಎಂಬ ಪದಕದ್ದು. ಯುದ್ಧದಲ್ಲಿ ಭಾಗವಹಿಸಿದವರಿಗೆಲ್ಲ ನೆನಪಿಗಾಗಿ ಕೊಟ್ಟ ಪದಕ ಅದು. ಮುಂಚೂಣಿಯಲ್ಲಿ ಹೋರಾಡಿದವರಿಗೆ ಕತ್ತಿ ಇರುವುದು, ಉಳಿದವರಿಗೆ ಕತ್ತಿ ಇಲ್ಲದ್ದು, ಸತ್ತವರ ಹೆಂಡತಿ, ತಂದೆತಾಯಿಗೆ ಇನ್ನೊಂದು ಬಗೆಯದು. ಪದಕದ ಮೇಲೆ 1914–1918 ಎಂದು ಬರೆದಿದೆ ನಿಜ. ಆದರೆ ಅದನ್ನು ಸ್ಥಾಪಿಸಿದ್ದು 1934ರ ಜುಲೈ 13ರಂದು. ಯುದ್ಧ ಮುಗಿದು ಸುಮಾರು ಹದಿನಾರು ವರ್ಷ ಕಳೆದ ಮೇಲೆ.

1918ರಲ್ಲಿ ಇಲ್ಲದೇ ಇದ್ದ ರಿಬ್ಬನ್ 1918ರಲ್ಲಿ ಯಾರ ಎದೆಯ ಮೇಲೂ ಇರಲಾರದು. ಹೈಫಾದಲ್ಲಿ ಸೋತ ಅಧಿಕಾರಿಯ ಎದೆಯ ಮೇಲೂ. ಪಟ್ಟಿಯ ಹಿಂಬದಿಯಲ್ಲಿ ಒಂದೇ ಹೊಲಿಗೆ, ಒಂದೇ ಬಣ್ಣದ ಬಟ್ಟೆ. ಆಮೇಲೆ ಒಂದು ರಿಬ್ಬನ್ ಸೇರಿಸಿದ ಗುರುತು ಇಲ್ಲ. ಇದು 1934ರ ನಂತರ ಮಾಡಿಸಿದ ಪಟ್ಟಿ.

ನಕಲಿ ಇರಬಹುದೇ?

ಇರಬಹುದು. ಜರ್ಮನ್ ಸೇನೆಯ ವಸ್ತುಗಳ ನಕಲು ಮಾಡುವುದು ದೊಡ್ಡ ದಂಧೆ. ಸಂಗ್ರಹಕಾರರು ಸಾಮಾನ್ಯವಾಗಿ ಮಾಡುವ ಪರೀಕ್ಷೆ ಒಂದಿದೆ: ನೋಟು ನೋಡುವ ಅಲ್ಟ್ರಾವಯಲೆಟ್ ಟಾರ್ಚ್ ಅನ್ನು ಕತ್ತಲಲ್ಲಿ ರಿಬ್ಬನ್ ಮೇಲೆ ಬಿಡುವುದು. ಬಟ್ಟೆ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕಗಳು ಎರಡನೇ ಮಹಾಯುದ್ಧದ ಆಚೀಚೆ ಬಳಕೆಗೆ ಬಂದವು. ಅವು ಇದ್ದರೆ ಬಟ್ಟೆ ನೀಲಿಯಾಗಿ ಹೊಳೆಯುತ್ತದೆ. ಹೊಳೆದರೆ ಈಚಿನ ಬಟ್ಟೆ, ಹೊಳೆಯದಿದ್ದರೆ ಹಳೆಯದಿರಬಹುದು.

ಆದರೆ ಇದರಲ್ಲೊಂದು ಮೋಸ ಇದೆ. ಇವತ್ತಿನ ಬಟ್ಟೆ ಸೋಪಿನ ಪುಡಿಯಲ್ಲೂ ಅದೇ ರಾಸಾಯನಿಕ ಇದೆ. ನೂರು ವರ್ಷದ ಹಳೇ ರಿಬ್ಬನ್ ಅನ್ನು ಒಮ್ಮೆ ಸೋಪಿನ ಪುಡಿಯಲ್ಲಿ ನೆನೆಹಾಕಿದರೆ ಅದೂ ಹೊಳೆಯುತ್ತದೆ. ಜಾವಗಲ್‌ನಲ್ಲಿ ಅಜ್ಜಿ, “ತುಂಬಾ ಕೊಳೆಯಾಗಿತ್ತು ಕಣಪ್ಪಾ, ನಾನೇ ಸರ್ಫ್‌ನಲ್ಲಿ ಅದ್ದಿ ಒಣಗಿಸಿದೆ” ಎಂದರು. ಅಲ್ಲಿಗೆ ಟಾರ್ಚಿನ ಪರೀಕ್ಷೆ ಕೈಬಿಟ್ಟೆವು. ನಿಮ್ಮ ಮನೆಯಲ್ಲಿ ಇಂಥದ್ದೇನಾದರೂ ಸಿಕ್ಕರೆ ದಯವಿಟ್ಟು ತೊಳೆಯಬೇಡಿ.

ಅಸಲಿ ಎಂದೇ ಇಟ್ಟುಕೊಳ್ಳೋಣ. ಒಡೆಯನ ಬಗ್ಗೆ ಏನು ಹೇಳಬಹುದು? ಮೊದಲ ಮಹಾಯುದ್ಧದಲ್ಲಿ ಮುಂಚೂಣಿಯಲ್ಲಿ ಹೋರಾಡಿದ ಜರ್ಮನ್. ಟರ್ಕಿಯ ಸೇನೆಯ ಜೊತೆಗಿದ್ದವನು. 1934ರ ನಂತರವೂ ಬದುಕಿದ್ದವನು. ಹಿಟ್ಲರನ ಕಾಲದ ಸೇನೆಯ ಸೇವಾ ಪದಕದ ನೀಲಿ ರಿಬ್ಬನ್ ಇಲ್ಲದಿರುವುದರಿಂದ, ಪಟ್ಟಿ ಮಾಡಿಸುವಾಗ ಸೇನೆ ಬಿಟ್ಟು ಬೇರೆ ಕೆಲಸದಲ್ಲಿ ಇದ್ದಿರಲೂಬಹುದು. ಇದರಾಚೆ ಹೆಸರಿನವರೆಗೆ ಹೋಗಲು ದಾರಿ ಇಲ್ಲ. ಐರನ್ ಕ್ರಾಸ್ ಎರಡನೇ ದರ್ಜೆ ಪಡೆದವರು 50 ಲಕ್ಷದ ಆಸುಪಾಸು, ಗೌರವ ಶಿಲುಬೆ ಪಡೆದವರು ಸುಮಾರು 80 ಲಕ್ಷ.

ಕೆಲವು ಪಟ್ಟಿಗಳ ಒಡೆಯರನ್ನು ನಿಜಕ್ಕೂ ಪತ್ತೆ ಹಚ್ಚುತ್ತಾರೆ. ಆಗಿನ ಜರ್ಮನಿಯಲ್ಲಿ ಬವೇರಿಯಾ, ಸ್ಯಾಕ್ಸನಿ, ಬಾಡೆನ್‌ನಂಥ ರಾಜ್ಯಗಳು, ಹ್ಯಾಂಬರ್ಗ್‌ನಂಥ ನಗರಗಳು ತಮ್ಮದೇ ಪದಕ ಕೊಡುತ್ತಿದ್ದವು, ನಮ್ಮಲ್ಲಿ ಮೈಸೂರು, ಹೈದರಾಬಾದ್ ಬೇರೆ ಬೇರೆ ಇದ್ದ ಹಾಗೆ. ಒಂದೇ ಪಟ್ಟಿಯಲ್ಲಿ ಏಳೆಂಟು ರಿಬ್ಬನ್ ಇದ್ದು, ಅದರಲ್ಲಿ ಎರಡು ಮೂರು ಅಪರೂಪದ್ದಾದರೆ, ಅಷ್ಟನ್ನೂ ಪಡೆದವನು ಒಬ್ಬನೇ ಆಗಿರಬಹುದು. ಅಧಿಕಾರಿಗಳ ಶ್ರೇಣಿ ಪಟ್ಟಿಯ ಮುದ್ರಿತ ಪುಸ್ತಕಗಳಲ್ಲಿ ಹೆಸರಿನ ಮುಂದೆ ಪದಕಗಳೂ ಇರುತ್ತವೆ. ಅವನ್ನು ತಾಳೆ ನೋಡುತ್ತಾರೆ. ಅಲ್ಲಿಯೂ ಅರ್ಧ ದಾರಿ ಮುಚ್ಚಿದೆ. ಪ್ರಷ್ಯಾ ಸೇನೆಯ ದಾಖಲೆಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡ್ಯಾಮ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋದವು. ಮ್ಯೂನಿಕ್‌ನಲ್ಲಿದ್ದ ಬವೇರಿಯಾದ ದಾಖಲೆಗಳು ಉಳಿದಿವೆ. ನಮ್ಮ ಪಟ್ಟಿಯಲ್ಲಿ ಬವೇರಿಯಾದ ರಿಬ್ಬನ್ ಇಲ್ಲ.

ಜಾವಗಲ್‌ಗೆ ಇದು ಹೇಗೆ ಬಂತು? ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾ, ಇಟಲಿಯಲ್ಲಿ ಜರ್ಮನರ ಎದುರು ಹೋರಾಡಿದ ಭಾರತೀಯರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನವರೂ ಇದ್ದರು. ಸೋತವರ ಬ್ಯಾಡ್ಜು, ಬಕಲ್ ಎತ್ತಿಕೊಂಡು ಬರುವುದು ಎಲ್ಲ ಸೇನೆಗಳಲ್ಲೂ ಇದ್ದ ಅಭ್ಯಾಸ. ಆ ಮನೆಯಿಂದಲೂ ಮುಂದಿನ ತಲೆಮಾರಿನ ಒಬ್ಬರು ಸೇನೆಗೆ ಹೋಗಿದ್ದರು ಎಂದು ಅಜ್ಜಿಯೇ ಹೇಳಿದರು. ಇಬ್ಬರ ಸಾಮಾನೂ ಒಂದೇ ಟ್ರಂಕಿಗೆ ಬಿದ್ದು ಎರಡು ಕಥೆ ಒಂದಾಗಿದೆ ಎನ್ನುವುದು ನಮ್ಮ ಊಹೆ.

ಡಬ್ಬಿಯಲ್ಲಿ ಇನ್ನೇನಿತ್ತು?

ಇದನ್ನು ನಾವು ಕೊನೆಗೆ ಕೇಳಿದೆವು, ಮೊದಲೇ ಕೇಳಬೇಕಿತ್ತು. “ಒಂದು ಬೆಳ್ಳಿ ಬಿಲ್ಲೆ ಇದೆ, ಬೆತ್ತಲೆ ಮನುಷ್ಯ ಕುದುರೆ ಮೇಲೆ ಕೂತಿದ್ದಾನೆ. ಅದೇನೂ ಜರ್ಮನ್ ಅಲ್ಲ” ಎಂದ ಹುಡುಗ. ಅದನ್ನು ಅಕ್ಕಸಾಲಿಗರ ಹತ್ತಿರ ತೂಕಕ್ಕೆ ಹಾಕುವ ಮಾತೂ ಮನೆಯಲ್ಲಿ ನಡೆದಿತ್ತು.

ಬೆತ್ತಲೆ ಸವಾರ ಇರುವ ಬೆಳ್ಳಿ ಬಿಲ್ಲೆ ಎಂದರೆ ಬ್ರಿಟಿಷ್ ವಾರ್ ಮೆಡಲ್. 36 ಮಿಲಿಮೀಟರ್ ಅಗಲ, ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಕಡೆ ಕುದುರೆ ಸವಾರ ಮತ್ತು 1914, 1918 ಎಂಬ ಇಸವಿ. ಜರ್ಮನ್ ಪಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅಂಚಿನಲ್ಲಿದೆ. ಬ್ರಿಟಿಷರು ಮೊದಲ ಮಹಾಯುದ್ಧದ ಪದಕಗಳ ಅಂಚಿನ ಮೇಲೆ ಪಡೆದವನ ಸಂಖ್ಯೆ, ಹುದ್ದೆ, ಹೆಸರು, ಪಡೆ ಅಚ್ಚು ಹಾಕಿಸಿ ಕೊಡುತ್ತಿದ್ದರು. ಭಾರತೀಯರಿಗೂ, ಸಂಸ್ಥಾನಗಳ ಸೈನಿಕರಿಗೂ. 1914-15ರ ಸ್ಟಾರ್ ಎಂಬ ಕಂಚಿನ ನಕ್ಷತ್ರವಾದರೆ ಹೆಸರು ಹಿಂಬದಿಯಲ್ಲಿರುತ್ತದೆ.

ಹುಡುಗನಿಗೆ ಬಿಲ್ಲೆಯನ್ನು ಉಜ್ಜಬೇಡ ಎಂದು ಮೊದಲು ಹೇಳಿದೆವು. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದರೆ ಅಂಚಿನ ಅಕ್ಷರ ಸವೆಯುತ್ತದೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಅಂಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಫೋಟೊ ತೆಗೆಯಲು ಹೇಳಿದೆವು. ಒಂಬತ್ತು ಫೋಟೊ ಬಂದವು. ಸಂಖ್ಯೆ, ಸವಾರ್ ಎಂಬ ಹುದ್ದೆ, ಹೆಸರು, ಮೈಸೂರು ಲ್ಯಾನ್ಸರ್ಸ್. ಆಗಿನ ಗುಮಾಸ್ತರು ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ತಮಗೆ ಕೇಳಿಸಿದಂತೆ ಬರೆಯುತ್ತಿದ್ದರು, ಆದ್ದರಿಂದ ಅಕ್ಷರ ಸ್ವಲ್ಪ ವಿಚಿತ್ರವಾಗಿತ್ತು. ಜೋರಾಗಿ ಓದಿದಾಗ ಅಜ್ಜಿಗೆ ತಕ್ಷಣ ಗೊತ್ತಾಯಿತು: ಅವರ ಮಾವನವರ ತಂದೆ. ಮನೆಯವರು ಬೇಡ ಎಂದಿದ್ದರಿಂದ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ಈ ಪದಕ ಅವರು ಲ್ಯಾನ್ಸರ್ಸ್‌ನಲ್ಲಿ ಸೇವೆ ಮಾಡಿದ್ದಕ್ಕೆ ಸಾಕ್ಷಿ. ಸೆಪ್ಟೆಂಬರ್ 23ರಂದು ಹೈಫಾದಲ್ಲೇ ಇದ್ದರು ಎಂಬುದಕ್ಕಲ್ಲ. ಅದಕ್ಕೆ ಪಡೆಯ ದಾಖಲೆ ಬೇಕು. ಮೈಸೂರು ಸಂಸ್ಥಾನದ ಕಡತಗಳು ಇರುವುದು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಹುಡುಕಲು ಹೋಗುವವರು ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿ. ಹೆಸರಿನ ಕಾಗುಣಿತ ಕೈಕೊಡುತ್ತದೆ, ಸಂಖ್ಯೆ ಕೊಡುವುದಿಲ್ಲ.

ಇನ್ನು ಆ ‘ಏಜೆಂಟ್’. ಹಳೇ ನಾಣ್ಯ, ನೋಟು ಮಾರಿಸಿಕೊಡುತ್ತೇವೆ ಎಂದು ರಿಸರ್ವ್ ಬ್ಯಾಂಕ್ ಹೆಸರಲ್ಲಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪದಕದ್ದೂ ಅದೇ ಆಟ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಿಜವಾದ ಕೊಳ್ಳುವವನೇ ಸಿಕ್ಕರೂ, ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಹೊರದೇಶಕ್ಕೆ ಕಳಿಸಲು 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ತಡೆ ಇದೆ ಎಂಬುದು ನೆನಪಿರಲಿ.

ಜಾವಗಲ್‌ನವರು ಆ ನಂಬರ್ ಬ್ಲಾಕ್ ಮಾಡಿದ್ದಾರೆ. ರಿಬ್ಬನ್ ಪಟ್ಟಿ ಮತ್ತೆ ಅದೇ ತಗಡಿನ ಡಬ್ಬಿಗೆ ಹೋಗಿದೆ. ಬಿಲ್ಲೆಯನ್ನು ಅಜ್ಜಿ ಬೇರೆ ಕಡೆ ಎತ್ತಿಟ್ಟಿದ್ದಾರಂತೆ, ಎಲ್ಲಿ ಎಂದು ಮೊಮ್ಮಗನಿಗೂ ಹೇಳಿಲ್ಲ.