‘ಕೀಮೋ ಬೇಡ, ಈ ಹಣ್ಣು ಸಾಕು’: ಸ್ತನ ಕ್ಯಾನ್ಸರ್ ಕುರಿತ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಮನೆಯ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಎಂದು ರಿಪೋರ್ಟ್ ಬಂತೆಂದರೆ ಫೋನಿಗೆ ಫಾರ್ವರ್ಡ್‌ಗಳೂ ಬರತೊಡಗುತ್ತವೆ. ಲಕ್ಷ್ಮಣಫಲ ತಿನ್ನಿಸಿ, ಸಕ್ಕರೆ ಬಿಡಿಸಿ, ಸೂಜಿ ಚುಚ್ಚಿಸಬೇಡಿ, ಕೀಮೋ ಕೊಡಿಸಿದರೆ ಆಕೆ ಉಳಿಯುವುದಿಲ್ಲ. ಕಳಿಸುವವರು ಹೆಚ್ಚಾಗಿ ನೆಂಟರೇ, ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಕಡೆಯವರು ಕೀಮೋಗೆ ಹೊರಡುವ ಮೊದಲು ಇವನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಹಣ್ಣು ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿಯೇ?

ಅಲ್ಲ. ಲಕ್ಷ್ಮಣಫಲದ ಕೆಲವು ಅಂಶಗಳನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿಟ್ಟ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದ್ದಾರೆ. ತಟ್ಟೆಯಲ್ಲಿ ಕೋಶ ಸಾಯಿಸುವ ವಸ್ತುಗಳು ಬೇಕಾದಷ್ಟಿವೆ. ಮನುಷ್ಯರಲ್ಲಿ ಈ ಹಣ್ಣು ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಸಾಬೀತಾಗಿಲ್ಲ. ಹಣ್ಣು ತಿಂದದ್ದಕ್ಕಿಂತ ಅದನ್ನು ನಂಬಿ ಕಳೆದ ತಿಂಗಳುಗಳೇ ಹೆಚ್ಚು ಕೆಡುಕು ಮಾಡುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರ ಅಧ್ಯಯನದಲ್ಲಿ ಪರ್ಯಾಯ ಚಿಕಿತ್ಸೆಯನ್ನಷ್ಟೇ ನಂಬಿದ ರೋಗಿಗಳ ದಾಖಲೆ ನೋಡಿದರು. ಸ್ತನ ಕ್ಯಾನ್ಸರ್‌ನಲ್ಲಿ ಅಂಥವರ ಸಾವಿನ ಅಪಾಯ ಆಸ್ಪತ್ರೆ ಚಿಕಿತ್ಸೆ ಪಡೆದವರಿಗಿಂತ ಐದು ಪಟ್ಟಿಗೂ ಹೆಚ್ಚಿತ್ತು.

ಬಯಾಪ್ಸಿಯ ಸೂಜಿಯಿಂದ ರೋಗ ಹರಡುತ್ತದೆ ಎಂಬುದೂ ಇಂಥದೇ ಭಯ. ಆ ತುಣುಕಿನ ಪರೀಕ್ಷೆಯಿಂದಲೇ ಗಡ್ಡೆ ಯಾವ ಬಗೆಯದು, ಹಾರ್ಮೋನಿಗೆ ಸ್ಪಂದಿಸುತ್ತದೆಯೇ, ‘ಹರ್-2’ ಇದೆಯೇ ಎಂದು ತಿಳಿಯುವುದು. ಯಾವ ಔಷಧಿ, ಎಷ್ಟು ಸುತ್ತು, ಆಪರೇಷನ್ ಮೊದಲೋ ಕೀಮೋ ಮೊದಲೋ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಪಕ್ಕದ ಮನೆಯವರಿಗೆ ಕೊಟ್ಟ ಔಷಧಿಯನ್ನೇ ನಿಮ್ಮವರಿಗೂ ಕೊಡಬೇಕೆಂದೇನಿಲ್ಲ.

ಬೆಲ್ಲ, ಸಕ್ಕರೆ ಬಿಟ್ಟರೆ ಗಡ್ಡೆ ಒಣಗುತ್ತದೆಯೇ?

ಮಹಾಲಿಂಗಪುರದ ಬೆಲ್ಲದ ಸೀಮೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ದೇಹದ ಎಲ್ಲ ಕೋಶಗಳೂ ಗ್ಲೂಕೋಸ್ ಬಳಸುತ್ತವೆ. ಸಿಹಿ ಬಿಟ್ಟರೂ ರೊಟ್ಟಿ, ಅನ್ನ, ಬೇಳೆಯಿಂದ ದೇಹ ಅದನ್ನು ಮಾಡಿಕೊಳ್ಳುತ್ತದೆ. ಊಟ ಬಿಟ್ಟು ತೂಕ ಇಳಿದರೆ ಮುಂದಿನ ಡೋಸ್ ತಡವಾಗಬಹುದು. ಶುಗರ್ ಇದ್ದವರ ವಿಷಯ ಬೇರೆ: ಕೀಮೋ ಜೊತೆ ಕೊಡುವ ಸ್ಟೀರಾಯ್ಡ್‌ನಿಂದ ಶುಗರ್ ಏರಬಹುದು, ಡಾಕ್ಟರಿಗೆ ಮೊದಲೇ ಹೇಳಿ. ಬಾಯಿ ಹುಣ್ಣಾದರೆ ಕೆಂಪು ಚಟ್ನಿ ದೂರವಿಡಿ. ನುಚ್ಚು-ಮಜ್ಜಿಗೆ, ಮೆತ್ತಗಿನ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ಸಾಕು.

ತಾಟು, ಲೋಟ ಬೇರೆ ಇಡಬೇಕೇ?

ಬೇಡ. ಕ್ಯಾನ್ಸರ್ ಅಂಟುವುದಿಲ್ಲ, ಮೊಮ್ಮಕ್ಕಳು ಅಜ್ಜಿಯ ಮಗ್ಗುಲಲ್ಲೇ ಮಲಗಬಹುದು. ಕೀಮೋ ನಂತರದ ಎರಡು ದಿನ ಶೌಚಾಲಯಕ್ಕೆ ಹೆಚ್ಚು ನೀರು ಹಾಕಿ, ವಾಂತಿ ಒರೆಸುವಾಗ ಗ್ಲೌಸ್ ಬಳಸಿದರಾಯಿತು. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೊಟ್ಟಾಗ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಅದು ಔಷಧಿಯ ಬಣ್ಣ, ರಕ್ತವಲ್ಲ.

ಅನೇಕ ಔಷಧಿಗಳಲ್ಲಿ ಎರಡು-ಮೂರು ವಾರಕ್ಕೆ ಕೂದಲು ಉದುರುತ್ತದೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ. ಇದು ಸಣ್ಣ ವಿಷಯವೆಂದು ಆಕೆಗೆ ಹೇಳಹೋಗಬೇಡಿ. ಹಲವರಿಗೆ ಅದೇ ದೊಡ್ಡ ನೋವು. ಮುಂದೆ ಮಕ್ಕಳು ಬೇಕೆನ್ನುವ ವಯಸ್ಸಿನವರು ಮೊದಲ ಡೋಸ್‌ಗೂ ಮುನ್ನವೇ ಡಾಕ್ಟರ ಬಳಿ ಆ ಮಾತೆತ್ತಬೇಕು, ಆಮೇಲಲ್ಲ.

ನಿಜವಾಗಿ ಹೆದರಬೇಕಾದದ್ದು ಜ್ವರಕ್ಕೆ

ಇದು ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಇರುವುದಿಲ್ಲ. ಕೀಮೋ ಆದ ಸುಮಾರು 7ರಿಂದ 14 ದಿನದೊಳಗೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಮನೆಯಲ್ಲಿದ್ದ ಜ್ವರದ ಗುಳಿಗೆ ನುಂಗಿ ‘ನಾಳೆ ನೋಡೋಣ’ ಎಂದು ಮಲಗಿದರೆ ಸೋಂಕು ಕೆಲವೇ ತಾಸಿನಲ್ಲಿ ಜೀವಕ್ಕೆ ಬರಬಹುದು. ಹುಬ್ಬಳ್ಳಿ ನಮ್ಮಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಹಾಗಾಗಿ ‘ರಾತ್ರಿ ಜ್ವರ ಬಂದರೆ ಹತ್ತಿರ ಎಲ್ಲಿಗೆ ಹೋಗಲಿ, ಯಾರಿಗೆ ಫೋನ್ ಮಾಡಲಿ?’ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಥರ್ಮಾಮೀಟರ್ ಮತ್ತು ಡಿಸ್ಚಾರ್ಜ್ ಚೀಟಿ ಕೈಗೆ ಸಿಗುವಂತಿರಲಿ.

ಖರ್ಚು, ಓಡಾಟ

ಸರ್ಕಾರಿ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋ ಆರಂಭಿಸಿತು. ಮುಂದಿನ ಸುತ್ತುಗಳನ್ನು ಹತ್ತಿರದಲ್ಲೇ ಪಡೆಯಬಹುದೇ ಎಂದು ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್‌ನವರಿಗೆ ಭಾಗಶಃ. ರೇಷನ್ ಕಾರ್ಡ್, ಆಧಾರ್ ಒಯ್ಯಿರಿ. ದಾಖಲಾಗುವ ಮೊದಲೇ ಆರೋಗ್ಯಮಿತ್ರರನ್ನು ಕಾಣಿ, ಬಿಲ್ ಕಟ್ಟಿದ ಮೇಲಲ್ಲ. ಮಿರಜಕ್ಕೆ ಹೋಗುವ ರೂಢಿ ನಮ್ಮಲ್ಲಿದೆ, ಆದರೆ ಅಲ್ಲಿ ಕಾರ್ಡ್ ನಡೆಯುತ್ತದೆಯೇ ಎಂದು ಮುಂಚೆಯೇ ಕೇಳಿ. ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ರಾಜ್ಯದೊಳಗೆ ಮಾತ್ರ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ಪೂರ್ತಿ ಉಚಿತ, ಜೊತೆಗಾರರಿಗೆ ಶೇ 75 ರಿಯಾಯಿತಿ. ಅದರ ಫಾರ್ಮ್‌ಗೆ ಆಸ್ಪತ್ರೆಯಲ್ಲೇ ಸಹಿ ಮಾಡಿಸಬೇಕು.