ತೋಟ, ಶಾಲೆ, ಸಹಕಾರ ಸಂಘ: ಮಲೇಷ್ಯಾದ ಸಚಿವ ವಿ.ಟಿ. ಸಂಬಂಧನ್

ಅಲ್ಪಸಂಖ್ಯಾತ ಭಾಷೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಿಕ್ಷಣ ಕಾಯ್ದೆಗಳು, ಸಮಿತಿಗಳ ವರದಿಗಳು, ಸಂವಿಧಾನದ ವಿಧಿಗಳು ಇವುಗಳ ಆಧಾರದಿಂದ ಬರೆಯುತ್ತೇವೆ. ಭಾಷಿಕರು ವಾಸಿಸುವ ನೆಲ ಯಾರ ಒಡೆತನದ್ದು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಕ್ಕೆ ಬಿಟ್ಟುಕೊಡುತ್ತೇವೆ. ಮಲೇಷ್ಯಾದ ಸಂಪುಟದಲ್ಲಿ ಸುಮಾರು ಎರಡು ದಶಕ ಭಾರತೀಯ ಸಮುದಾಯವನ್ನು ಪ್ರತಿನಿಧಿಸಿದ ತುನ್ ವಿ.ಟಿ. ಸಂಬಂಧನ್ (1919–1979) ಅವರ ಬದುಕು ಈ ವಿಂಗಡಣೆಯನ್ನು ಪ್ರಶ್ನಿಸುತ್ತದೆ. ತಮಿಳಿನ ಉಳಿವಿಗಾಗಿ ಅವರು ಮಾಡಿದ ಮಹತ್ವದ ಕೆಲಸ ನಡೆದದ್ದು ಸಚಿವಾಲಯದಲ್ಲಲ್ಲ, ಒಂದು ಸಹಕಾರ ಸಂಘದಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ಸಂಬಂಧನ್ ಹುಟ್ಟಿದ್ದು ಪೆರಾಕ್ ರಾಜ್ಯದ ಸುಂಗೈ ಸಿಪುಟ್‌ನಲ್ಲಿ, ರಬ್ಬರ್ ತೋಟಗಳನ್ನು ಹೊಂದಿದ್ದ ಕುಟುಂಬದಲ್ಲಿ. ಕ್ವಾಲಾ ಕಾಂಗ್ಸಾರ್‌ನ ಕ್ಲಿಫರ್ಡ್ ಶಾಲೆಯಲ್ಲಿ ಓದಿ, ಉನ್ನತ ಶಿಕ್ಷಣಕ್ಕಾಗಿ ಅಣ್ಣಾಮಲೈ ವಿಶ್ವವಿದ್ಯಾಲಯಕ್ಕೆ ಬಂದರು. 1954ರಲ್ಲಿ ತಮ್ಮ ಊರಿನಲ್ಲಿ ಗಾಂಧೀಜಿಯ ಹೆಸರಿನ ತಮಿಳು ಶಾಲೆಯೊಂದನ್ನು ಸ್ಥಾಪಿಸಿದರು. ಮರುವರ್ಷವೇ ಮಲಯನ್ ಇಂಡಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1946ರಲ್ಲಿ ಸ್ಥಾಪನೆಯಾದ ಈ ಪಕ್ಷವನ್ನು ಅಲ್ಲಿಯವರೆಗೆ ಮುನ್ನಡೆಸಿದವರಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದ ನಗರವಾಸಿಗಳೇ ಪ್ರಮುಖರು. ಸಂಬಂಧನ್ ಅವರೊಂದಿಗೆ ಪಕ್ಷದ ಬುಡ ತೋಟಗಳ ಕಡೆಗೆ ಹೊರಳಿತು. ಅದರ ವ್ಯವಹಾರದ ಭಾಷೆಯೂ ತಮಿಳಾಗುತ್ತ ಬಂತು. ಕಾರ್ಮಿಕರಿಗೆ ಇದರಿಂದ ದನಿ ಸಿಕ್ಕಿತು. ಆದರೆ ‘ಭಾರತೀಯ’ ಎಂಬ ಪದ ಬಹುಮಟ್ಟಿಗೆ ‘ತಮಿಳ’ ಎಂಬ ಅರ್ಥದಲ್ಲಿ ಬಳಕೆಗೆ ಬಂದು, ತೆಲುಗು, ಮಲಯಾಳಂ ಭಾಷಿಕರು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರಾದರು ಎಂಬುದನ್ನೂ ಗಮನಿಸಬೇಕು.

1955ರ ಚುನಾವಣೆಯಲ್ಲಿ 52 ಸ್ಥಾನಗಳ ಪೈಕಿ 51ನ್ನು ಗೆದ್ದ ಮೈತ್ರಿಕೂಟದ ಸರಕಾರದಲ್ಲಿ ಸಂಬಂಧನ್ ಕಾರ್ಮಿಕ ಸಚಿವರಾದರು. 1957ರಲ್ಲಿ ಆರೋಗ್ಯ, 1959ರಿಂದ 1971ರವರೆಗೆ ಲೋಕೋಪಯೋಗಿ ಮತ್ತು ಅಂಚೆ–ದೂರಸಂಪರ್ಕ, ಕೊನೆಗೆ ರಾಷ್ಟ್ರೀಯ ಐಕ್ಯತೆ ಅವರ ಖಾತೆಗಳಾದವು. ಈ ಅವಧಿಯಲ್ಲೇ ಭಾಷಾ ನೀತಿಯೂ ರೂಪುಗೊಂಡಿತು. 1956ರ ರಜಾಕ್ ವರದಿ ಮತ್ತು 1957ರ ಶಿಕ್ಷಣ ಸುಗ್ರೀವಾಜ್ಞೆ ತಮಿಳು ಮಾಧ್ಯಮಕ್ಕೆ ಪ್ರಾಥಮಿಕ ಹಂತದಲ್ಲಿ ಸ್ಥಾನ ನೀಡಿದವು. ಪ್ರೌಢಶಾಲೆಗೆ ಆ ಅವಕಾಶ ವಿಸ್ತರಿಸಲಿಲ್ಲ. ಸಂವಿಧಾನದ 152ನೆಯ ವಿಧಿ ಮಲಯ್ ಭಾಷೆಯನ್ನು ರಾಷ್ಟ್ರಭಾಷೆಯೆಂದು ಘೋಷಿಸಿ, ಇತರ ಭಾಷೆಗಳನ್ನು ಕಲಿಯಲು, ಕಲಿಸಲು ಅಡ್ಡಿಯಿಲ್ಲವೆಂದಿತು.

ಕಾನೂನಿನ ಈ ರಕ್ಷಣೆಯ ಅಡಿಪಾಯ ಮಾತ್ರ ಬೇರೆಡೆ ಇತ್ತು. ತಮಿಳು ಶಾಲೆಗಳಲ್ಲಿ ಬಹುಪಾಲು ತೋಟಗಳ ಒಳಗಿದ್ದವು. ಶಾಲಾ ವಯಸ್ಸಿನ ಹತ್ತು ಅಥವಾ ಹೆಚ್ಚು ಮಕ್ಕಳಿರುವ ತೋಟದ ಮಾಲೀಕರು ಶಾಲೆ ಒದಗಿಸಬೇಕೆಂದು ವಸಾಹತು ಕಾಲದ ಕಾರ್ಮಿಕ ಸಂಹಿತೆ ವಿಧಿಸಿದ್ದರ ಫಲ ಇದು. ಮನೆ, ಗುಡಿ, ಶಾಲೆ ಎಲ್ಲವೂ ಮಾಲೀಕರ ಜಮೀನಿನಲ್ಲಿ. 1956ರಲ್ಲಿ ಕಾಸರಗೋಡಿನ ಕನ್ನಡಿಗರ ಊರು ಇದ್ದಲ್ಲೇ ಇದ್ದು, ರಾಜ್ಯ ಬದಲಾಯಿತು. ಮಲಯದ ತಮಿಳರಿಗಾದರೋ ಊರೇ ಮತ್ತೊಬ್ಬರ ಸ್ವತ್ತಾಗಿತ್ತು.

ಆ ಸ್ವತ್ತು 1950ರ ದಶಕದಲ್ಲಿ ಮಾರಾಟಕ್ಕೆ ಬಂತು. ಸ್ವಾತಂತ್ರ್ಯ ಸಮೀಪಿಸಿದಂತೆ ಯುರೋಪಿಯನ್ ಕಂಪನಿಗಳು ಹಲವು ತೋಟಗಳನ್ನು ಕೈಬಿಟ್ಟವು. ಕೊಂಡವರು ಅವನ್ನು ತುಂಡುತುಂಡಾಗಿ ಮಾರಿದರು. ತೋಟ ಒಡೆದಲ್ಲಿ ಕಾರ್ಮಿಕರು ಕೆಲಸವನ್ನೂ ಮನೆಯನ್ನೂ ಒಟ್ಟಿಗೆ ಕಳೆದುಕೊಂಡರು. ಮಕ್ಕಳು ಚದುರಿದ ಮೇಲೆ ಶಾಲೆ ನಿಲ್ಲಲಿಲ್ಲ. ಉಂಕು ಅಜೀಜ್ ಅವರ ನೇತೃತ್ವದಲ್ಲಿ ಮಲಯ ವಿಶ್ವವಿದ್ಯಾಲಯದ ವಿದ್ವಾಂಸರು ಈ ವಿಭಜನೆಯನ್ನು ವಿವರವಾಗಿ ಅಧ್ಯಯನ ಮಾಡಿದರು. ಭೂಮಿ ಅಲ್ಲಿ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದ್ದರಿಂದ ಕೇಂದ್ರ ಸಚಿವರೊಬ್ಬರಿಗೆ ಮಾರಾಟವನ್ನು ತಡೆಯುವ ಅಧಿಕಾರವಿರಲಿಲ್ಲ.

1960ರಲ್ಲಿ ಸಂಬಂಧನ್ ರಾಷ್ಟ್ರೀಯ ಭೂ ಹಣಕಾಸು ಸಹಕಾರ ಸಂಘವನ್ನು ಕಟ್ಟಿದರು. ಕಾರ್ಮಿಕರೇ ಹಣ ಕೂಡಿಸಿ ತೋಟ ಕೊಳ್ಳುವುದು ಅದರ ಉದ್ದೇಶ. ಒಂದು ಷೇರಿಗೆ ನೂರು ಡಾಲರ್. ತಿಂಗಳಿಗೆ ಹತ್ತರಂತೆ ಕಂತು. ರಬ್ಬರ್ ಹಾಲು ಇಳಿಸುವವರ ಕೂಲಿಗೆ ಅದು ಹಗುರವಾದ ಮೊತ್ತವಲ್ಲ. ಸಚಿವರು ತೋಟದಿಂದ ತೋಟಕ್ಕೆ ಹೋಗಿ ಸದಸ್ಯರನ್ನು ಕೂಡಿಸಿದರು. ಕೆಡಾ ರಾಜ್ಯದ ಬುಕಿತ್ ಸಿದಿಮ್ ತೋಟ ಸಂಘದ ಮೊದಲ ಖರೀದಿ. 1970ರ ದಶಕದ ಹೊತ್ತಿಗೆ ಸಂಘಕ್ಕೆ ಹತ್ತಾರು ಸಾವಿರ ಸದಸ್ಯರಿದ್ದರು, ಹದಿನೈದಕ್ಕೂ ಹೆಚ್ಚು ತೋಟಗಳಿದ್ದವು. ಅಲ್ಲಿ ಕಾರ್ಮಿಕರು ಒಕ್ಕಲೇಳಬೇಕಾಗಲಿಲ್ಲ. ಶಾಲೆಗೆ ಬೇಕಾದ ನೆಲವೂ ಮಕ್ಕಳೂ ಉಳಿದವು.

ಈ ಸಾಧನೆಗೆ ಮಿತಿಗಳಿದ್ದವು. ಒಟ್ಟು ತೋಟಗಳ ಲೆಕ್ಕದಲ್ಲಿ ಸಂಘದ ಪಾಲು ಚಿಕ್ಕದು. ಷೇರುದಾರನಾದರೂ ಕಾರ್ಮಿಕ ಬದುಕಿದ್ದು ದಿನಗೂಲಿಯಿಂದಲೇ. ತೋಟದ ಶಾಲೆ ಉಳಿದರೂ ಆರನೆಯ ತರಗತಿಯ ಆಚೆಗೆ ತಮಿಳು ಮಾಧ್ಯಮದ ದಾರಿ ತೆರೆಯಲಿಲ್ಲ. ಪಕ್ಷದೊಳಗಿನ ಒತ್ತಡದಿಂದ ಸಂಬಂಧನ್ 1973ರಲ್ಲಿ ಅಧ್ಯಕ್ಷ ಸ್ಥಾನವನ್ನು ವಿ. ಮಾಣಿಕವಾಸಗಂ ಅವರಿಗೆ ಬಿಟ್ಟುಕೊಟ್ಟರು, 1974ರಲ್ಲಿ ಸಂಪುಟದಿಂದಲೂ ಹೊರಬಂದರು. 1979ರಲ್ಲಿ ತೀರಿಕೊಳ್ಳುವವರೆಗೂ ಅವರ ಮುಖ್ಯ ಕಾರ್ಯಕ್ಷೇತ್ರ ಆ ಸಂಘವೇ.

ಸ್ವಾತಂತ್ರ್ಯದ ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚಿದ್ದ ತಮಿಳು ಶಾಲೆಗಳು ಇಂದು ಐನೂರಿಪ್ಪತ್ತರ ಆಸುಪಾಸಿಗೆ ಇಳಿದಿವೆ. ಈ ಅವಧಿಯುದ್ದಕ್ಕೂ ತಮಿಳು ಪ್ರಾಥಮಿಕ ಶಾಲೆಗೆ ಕಾನೂನಿನ ಮಾನ್ಯತೆ ಇತ್ತು. ಆದ್ದರಿಂದ ಈ ಇಳಿಕೆಯ ಚರಿತ್ರೆಯನ್ನು ಶಿಕ್ಷಣ ಇಲಾಖೆಯ ಕಡತಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ತೋಟಗಳ ಕ್ರಯಪತ್ರಗಳನ್ನೂ ಅದರ ಜೊತೆಗಿಟ್ಟು ಓದಬೇಕಾಗುತ್ತದೆ.