ಸಂತೆಯಲ್ಲಿ ಸುವಾರ್ತೆ: ಸಾರಿದವರು, ಕೇಳಿಸಿಕೊಂಡವರು

ಕನ್ನಡ ನಾಡಿನ ಸಂತೆ, ಜಾತ್ರೆ, ಪೇಟೆಬೀದಿಗಳಲ್ಲಿ ಗುರುತಿಲ್ಲದವರ ಮುಂದೆ ನಿಂತು ಯೇಸುವಿನ ಕಥೆ ಹೇಳುವ ಕೆಲಸಕ್ಕೆ ಇನ್ನೂರು ವರ್ಷ ದಾಟಿದ ಚರಿತ್ರೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ ಅನುವಾದಕ್ಕೆ ಕೈಹಾಕಿದರು. ಆದರೆ ಓದುಬರಹ ಬಲ್ಲವರು ವಿರಳವಾಗಿದ್ದ ಕಾಲವದು. ಪುಸ್ತಕ ಅಚ್ಚಾದರೆ ಸಾಲದು, ಬಾಯಿಬಿಟ್ಟು ಹೇಳುವವರೂ ಬೇಕಿತ್ತು.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಅವರಲ್ಲೊಬ್ಬ ಸ್ಯಾಮುಯೆಲ್ ಹೆಬಿಕ್, ಮುಂದೆ ಕಣ್ಣೂರಿಗೆ ಹೋಗಿ ಮಲಬಾರಿನ ಜಾತ್ರೆಗಳಲ್ಲಿ ನಿಂತು ಸಾರಿದ ಛಲಗಾರ. ಆ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೂ ದೇವರ ಉತ್ಸವಕ್ಕೆ ಬಂದ ಭಕ್ತರೆದುರು ಅದೇ ದೇವರನ್ನು ಅಲ್ಲಗಳೆಯುವ ರೀತಿ ನನಗೆ ಹಿಡಿಸದು.

ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಬೇರೆ ದಾರಿ ಹಿಡಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಅವರು 1850ರಲ್ಲಿ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕೇಳುಗರ ನಾಲಿಗೆಯ ಮೇಲೆ ಏನಿದೆಯೆಂದು ತಿಳಿಯುವ ಹಂಬಲ ಅದರ ಹಿಂದಿತ್ತು. ಬಾಸೆಲ್ ಮಿಷನ್ನಿನವರೇ ಆದ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಬದುಕನ್ನು ದೇಶೀ ಛಂದಸ್ಸಿಗೆ ತಂದರು. ಈ ಪಾದ್ರಿಗಳ ಜೊತೆ ಊರೂರು ಸುತ್ತಿ ದಿನನಿತ್ಯದ ಮಾತುಕತೆ ನಡೆಸುತ್ತಿದ್ದವರು ಸ್ಥಳೀಯ ಉಪದೇಶಿಗಳು. ನಮ್ಮ ಚರಿತ್ರೆಕಾರರು ಅವರ ಕಡೆ ಇನ್ನೂ ಸಾಕಷ್ಟು ಗಮನ ಕೊಟ್ಟಿಲ್ಲ.

ಈ ಪರಂಪರೆಯಲ್ಲಿ ನಾನು ಎಲ್ಲರಿಗಿಂತ ಎತ್ತರದಲ್ಲಿ ಕಾಣುವುದು ಉತ್ತಂಗಿ ಚನ್ನಪ್ಪನವರನ್ನು (1881–1962). ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು ಹಳ್ಳಿಹಳ್ಳಿ ತಿರುಗಿ, ಜನರ ಬಾಯಲ್ಲೂ ಹಳೆಯ ಕಟ್ಟುಗಳಲ್ಲೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡರು. ಹೇಳಲು ಹೊರಟವರು ಬೇಡಿ ಪಡೆಯುವವರಾದರು. ಅದರಿಂದ ಅವರ ಕ್ರಿಸ್ತಭಕ್ತಿಯೇನೂ ಸವೆಯಲಿಲ್ಲ. ವಚನಗಳಲ್ಲೂ ಅಷ್ಟೇ ಆಳಕ್ಕಿಳಿದ ಈ ಪಾದ್ರಿಯನ್ನು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಅಧ್ಯಕ್ಷ ಪೀಠದಲ್ಲಿ ಕೂರಿಸಿತು.

ಅಷ್ಟರಲ್ಲಿ ಹೀಗೆ ಧರ್ಮ ಸಾರುವ ಹಕ್ಕಿನ ಪ್ರಶ್ನೆ ದೆಹಲಿ ತಲುಪಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಬಿಸಿಬಿಸಿ ಚರ್ಚೆ ನಡೆಸಿ, ಧರ್ಮಪ್ರಚಾರದ ಹಕ್ಕನ್ನು ಉಳಿಸಿಕೊಂಡಿತು. ಅದೇ ಇಂದಿನ 25ನೇ ವಿಧಿ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ನಂಬಿಕೆಯನ್ನು ವಿವರಿಸುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಿಲ್ಲ ಎಂದಿತು. ಕರ್ನಾಟಕದ 2022ರ ಕಾಯ್ದೆ ಬಲವಂತ, ಆಮಿಷಗಳಿಗೆ ಶಿಕ್ಷೆ ವಿಧಿಸಿದ್ದಲ್ಲದೆ, ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ರಾಜ್ಯದ ಹೊಸ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆಮಿಷಕ್ಕೆ ಶಿಕ್ಷೆಯಾಗಲಿ, ಅದು ಸುವಾರ್ತೆಗೂ ಅವಮಾನ. ಆದರೆ ಸಂತೆಯಲ್ಲಿ ಒಂದು ಮಾತು ಕೇಳಿ ಮನಸ್ಸು ಬದಲಿಸಿದ ಪ್ರಾಯಸ್ಥರು ಅದಕ್ಕೆ ಸರ್ಕಾರಿ ಕಚೇರಿಯಲ್ಲಿ ಅರ್ಜಿ ತುಂಬಬೇಕೆಂಬುದನ್ನು ನಾನು ಒಪ್ಪಲಾರೆ.